ಶಾಲೆ ಆರಿಸೋರು ಯಾರು? (ಭಾಗ 3)

"ಮಗು ಎಲ್ಲಿ ಓದ್ಬೇಕು ಅನ್ನೋದು ಅಪ್ಪ ಅಮ್ಮನ ಇಷ್ಟ" ಅಂತೀರಲ್ಲ, ಯಾರ ಅಪ್ಪ ಅಮ್ಮ?

ಆರ್‌ಟಿಇ ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟು ಬಡ, ಹಿಂದುಳಿದ ಮಕ್ಕಳಿಗೆ ಇಟ್ಟಿತ್ತು. 2019ರಲ್ಲಿ ನಮ್ಮ ರಾಜ್ಯ ನಿಯಮ ಬದಲಿಸಿತು: ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಆ ಸೀಟು ಇಲ್ಲ. ಸರ್ಕಾರಿ ಶಾಲೆ ಉಳೀಬೇಕು, ಒಪ್ತೀನಿ. ನಾನೂ ಅಲ್ಲೇ ಓದಿದ್ದು. ಆದ್ರೆ ನಮ್ಮ ಕ್ಲಾಸ್ ಖಾಲಿ ಮಾಡಿದ್ದು ಆರ್‌ಟಿಇ ಮಕ್ಕಳಲ್ಲ, ಫೀಸ್ ಕಟ್ಟಿ ಹಳದಿ ವ್ಯಾನ್ ಹತ್ತಿದವರು. ಅವರನ್ನ ಯಾವ ನಿಯಮವೂ ತಡೀಲಿಲ್ಲ.

ದುಡ್ಡಿದ್ದವರಿಗೆ ಆಯ್ಕೆ, ಇಲ್ಲದವರಿಗೆ ನಿಯಮ!

ಮೊದಲು ಆ ಶಾಲೆಗಳಿಗೆ ಮೇಷ್ಟ್ರನ್ನ ಕೊಡಿ. ಶಾಸಕರ ಮಕ್ಕಳನ್ನೂ ಕಳ್ಸಿ. ಅಲ್ಲೀವರೆಗೂ ಸರ್ಕಾರಿ ಶಾಲೆ ಉಳಿಸೋ ಭಾರ ಬಡವರ ಮಕ್ಕಳ ಮೇಲೆ ಮಾತ್ರ ಹೊರಿಸಬೇಡಿ.

ನೀವು ಒಂದನೇ ಕ್ಲಾಸಲ್ಲಿ ಎಷ್ಟು ಜನ ಇದ್ರಿ, ಏಳಕ್ಕೆ ಬಂದಾಗ ಎಷ್ಟು ಉಳಿದ್ರಿ? ಕಾಮೆಂಟಲ್ಲಿ ಹಾಕಿ.