ಆರನೇ ಕ್ಲಾಸಿಗೆ ಎಲ್ಲಿಗೆ ಹಾಕಣ ಸಾರ್?

ಐದನೇ ಕ್ಲಾಸಿನ ಪರೀಕ್ಷೆ ಮುಗಿಯುವ ಹೊತ್ತಿಗೆ ಹೊಸೂರಿನ ಬಾಗಲೂರು ರಸ್ತೆ, ತಳಿ ರಸ್ತೆಯ ಕಂಬಗಳಲ್ಲೆಲ್ಲ ಫ್ಲೆಕ್ಸುಗಳು ಏಳುತ್ತವೆ. ನೂರಕ್ಕೆ ನೂರು ಫಲಿತಾಂಶ, ಸ್ಮಾರ್ಟ್ ಕ್ಲಾಸು, ಆರನೇ ತರಗತಿಯಿಂದಲೇ ನೀಟ್ ತರಬೇತಿ, ಎಲ್ಲಾ ಹಳ್ಳಿಗಳಿಗೂ ವ್ಯಾನು. ಅದರ ಬೆನ್ನಿಗೇ ಪೋಷಕರು ನಮ್ಮ ಹತ್ತಿರ ಬರುತ್ತಾರೆ. "ಸಾರ್, ಮಗೂನ ಎಲ್ಲಿಗೆ ಹಾಕಣ?" ಕೈಯಲ್ಲಿ ಸಾಮಾನ್ಯವಾಗಿ ಮೂರು ಹೆಸರಿರುತ್ತವೆ. ಹೊಸೂರಿನದೊಂದು ಮೆಟ್ರಿಕ್ ಶಾಲೆ, ಒಂದು ಸಿಬಿಎಸ್‌ಇ, ಗಡಿಯಾಚೆ ಅತ್ತಿಬೆಲೆ ಕಡೆಯದೊಂದು.

ಸರ್ಕಾರಿ ಶಾಲೆ ಮೇಷ್ಟ್ರನ್ನು ಕೇಳಿದರೆ ಸರ್ಕಾರಿ ಶಾಲೆ ಅಂತಲೇ ಹೇಳುತ್ತಾರೆ ಬಿಡಿ, ಅಂತ ನೀವು ನಗಬಹುದು. ನಗಿ, ಪರವಾಗಿಲ್ಲ. ನಮ್ಮ ಜೊತೆಯ ಮೇಷ್ಟ್ರುಗಳಲ್ಲೇ ಎಷ್ಟೋ ಜನ ತಮ್ಮ ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುತ್ತಾರೆ ಅನ್ನುವುದು ಊರಿಗೇ ಗೊತ್ತಿರುವ ಸಂಗತಿ. ನಮ್ಮ ತಕರಾರು ಖಾಸಗಿ ಶಾಲೆಯ ಮೇಲಲ್ಲ. ವ್ಯಾನಿನ ಬಾಡಿಗೆ, ಯೂನಿಫಾರ್ಮಿನ ಬಣ್ಣ, ಕಟ್ಟಡದ ಎತ್ತರ ಎಲ್ಲವನ್ನೂ ಕೇಳುವವರು ಒಂದು ಲೆಕ್ಕವನ್ನು ಮಾತ್ರ ಕೇಳುವುದಿಲ್ಲವಲ್ಲ, ನಮ್ಮ ತಕರಾರು ಅದರ ಮೇಲೆ. ಅದು ಏಳು ವರ್ಷದ ಲೆಕ್ಕ. ಆರರಿಂದ ಹನ್ನೆರಡಕ್ಕೆ ಬೆರಳು ಮಡಚಿ ಎಣಿಸಿ, ಏಳು ಬರುತ್ತದೆ.

ಮೊದಲು ಈ ಕಡೆಯದು. ತಮಿಳುನಾಡು ಸರ್ಕಾರ 2020ರಲ್ಲಿ ಒಂದು ಕಾಯ್ದೆ ತಂದಿತು. ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ವೈದ್ಯಕೀಯ ಸೀಟುಗಳಲ್ಲಿ ಶೇಕಡಾ 7.5 ಮೀಸಲು. 2021ರಲ್ಲಿ ಇದೇ 7.5 ಎಂಜಿನಿಯರಿಂಗ್, ಕೃಷಿ, ಪಶುವೈದ್ಯ, ಕಾನೂನು ಓದಿಗೂ ಬಂತು, ಆ ಸೀಟು ಸಿಕ್ಕವರ ಫೀಸನ್ನು ಸರ್ಕಾರವೇ ಕಟ್ಟುತ್ತದೆ ಎಂದೂ ಆಯಿತು. ಷರತ್ತು ಏನೆಂದರೆ ಆರನೇ ತರಗತಿಯಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲೇ ಓದಿರಬೇಕು. ಮಾಧ್ಯಮ ಯಾವುದಾದರೂ ಆಗಬಹುದು, ಕನ್ನಡ, ತಮಿಳು, ಇಂಗ್ಲಿಷ್. ಆದರೆ ಅನುದಾನಿತ ಶಾಲೆ ಲೆಕ್ಕಕ್ಕಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಒಂದೇ ಒಂದು ಸಡಿಲಿಕೆ ಇದೆ. ಆರ್‌ಟಿಇ ಶೇಕಡಾ 25ರ ಸೀಟಿನಲ್ಲಿ ಎಂಟರವರೆಗೆ ಖಾಸಗಿಯಲ್ಲಿ ಓದಿ, ಒಂಬತ್ತರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಗೆ ಬಂದವರನ್ನೂ ಸೇರಿಸಿಕೊಳ್ಳುತ್ತಾರೆ. (ಆ 25ರ ಸೀಟನ್ನು ಆರನೇ ಕ್ಲಾಸಿಗೆ ಕೊಡಿಸಿ ಅಂತ ಪ್ರತಿ ವರ್ಷ ಯಾರಾದರೂ ಬರುತ್ತಾರೆ. ಅದು ಎಲ್‌ಕೆಜಿಗೆ ಅಥವಾ ಒಂದನೇ ಕ್ಲಾಸಿಗೆ ಸೇರುವಾಗ ಮಾತ್ರ.) ಹೆಣ್ಣುಮಕ್ಕಳಿಗೆ ಕಾಲೇಜಿನಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಎಂದು 2022ರಲ್ಲಿ ಶುರುವಾದ ಪುದುಮೈ ಪೆಣ್ ಯೋಜನೆಗೂ ಸರ್ಕಾರಿ ಶಾಲೆಯ ಆರರಿಂದ ಹನ್ನೆರಡನ್ನೇ ಅಳತೆಗೋಲು ಮಾಡಿಕೊಂಡರು.

ಅಂದರೆ ಆರನೇ ಕ್ಲಾಸಿಗೆ ಖಾಸಗಿ ಶಾಲೆಯಲ್ಲಿ ಮಗುವಿನ ಹೆಸರು ಬರೆಸಿದ ದಿನವೇ ಈ ಬಾಗಿಲು ಮುಚ್ಚಿತು. ಒಂದು ವರ್ಷ ನೋಡಿ ಹಿಂದಕ್ಕೆ ಕರೆತರೋಣ ಅಂದರೆ ಏಳು ಆರಾಗಿರುತ್ತದೆ. ಹನ್ನೊಂದು ವರ್ಷದ ಮಗು ಡಾಕ್ಟರಾಗುತ್ತೋ ಇಲ್ಲವೋ ಯಾರು ಕಂಡಿದ್ದಾರೆ? ಆದರೆ ಬಾಗಿಲು ಮುಚ್ಚುತ್ತಿದ್ದೇವೆ ಅಂತ ತಿಳಿದು ಮುಚ್ಚುವುದು ಬೇರೆ, ವ್ಯಾನಿನ ಬಾಡಿಗೆ ಚೌಕಾಸಿ ಮಾಡುವ ಭರದಲ್ಲಿ ಮುಚ್ಚುವುದು ಬೇರೆ.

ಇನ್ನು ಆ ಕಡೆಯದು. ನಮ್ಮ ಜನ ಮಕ್ಕಳನ್ನು ಅತ್ತಿಬೆಲೆ ಕಡೆಗೆ ಕಳಿಸಲು ಎರಡು ಕಾರಣ. ಒಂದು, ಅಲ್ಲಿ ಕನ್ನಡ ಓದಬಹುದು. ಎರಡು, ಮುಂದೆ ಕರ್ನಾಟಕದ ಸಿಇಟಿಯಲ್ಲಿ ಸೀಟು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಹತೆಯ ಪಟ್ಟಿಯಲ್ಲಿ ಮೊದಲ ನಿಯಮ, ಒಂದರಿಂದ ಹನ್ನೆರಡರೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿಯನ್ನೋ ಎರಡನೇ ಪಿಯುಸಿಯನ್ನೋ ಅಲ್ಲಿ ಪಾಸು ಮಾಡಿರಬೇಕು. ಇದನ್ನು ಕೇಳಿದವರು ಆರಕ್ಕೇ ಅಲ್ಲಿಗೆ ಹಾಕಿಬಿಡುತ್ತಾರೆ. ಅರ್ಧ ಕೇಳಿದವರು ಎಂಟಕ್ಕೆ ಹಾಕುತ್ತಾರೆ. ಎಂಟರಿಂದ ಹನ್ನೆರಡು ಐದೇ ವರ್ಷ! ಇಲ್ಲಿಯ ಏಳೂ ಹೋಯಿತು, ಅಲ್ಲಿಯ ಏಳೂ ಬರಲಿಲ್ಲ.

ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ನಿಯಮವಿದೆ, ಅದನ್ನು ಓದುವವರೇ ಕಡಿಮೆ. ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರು ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ, ಮಗು ಪಿಯುಸಿಯ ಎರಡು ವರ್ಷ ಮಾತ್ರ ಅಲ್ಲಿ ಓದಿ ಪಾಸಾದರೆ ಸಾಕು. ನಮ್ಮ ಕಡೆ ಹೆಣ್ಣು ತರುವುದು ಎಲ್ಲಿಂದ? ಆನೇಕಲ್ಲು, ಕನಕಪುರ, ಮಾಲೂರು. ಎಷ್ಟು ಮನೆಗಳಲ್ಲಿ ತಾಯಿ ಒಂದರಿಂದ ಏಳನ್ನು ಅಲ್ಲಿಯ ಸರ್ಕಾರಿ ಶಾಲೆಯಲ್ಲೇ ಓದಿದ್ದಾಳೆ! ಆ ತಾಯಿಯ ಹಳೆಯ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತರಿಸಿಟ್ಟುಕೊಂಡರೆ ಸಾಕಾಗುವ ಕಡೆ ಏಳು ವರ್ಷದ ಫೀಸು, ಏಳು ವರ್ಷದ ವ್ಯಾನು, ಬೆಳಿಗ್ಗೆ ಆರೂವರೆಗೆ ಹೆದ್ದಾರಿಯ ಲಾರಿಗಳ ನಡುವೆ ಪ್ರಯಾಣ ಯಾಕೆ? 2020ರಲ್ಲಿ ಕೊರೋನಾ ಬಂದಾಗ ಗಡಿ ದಾಟಲು ಇ-ಪಾಸು ಬೇಕಾಯಿತು, ಆಗ ಆ ಕಡೆ ಓದುತ್ತಿದ್ದ ಮಕ್ಕಳ ಪಾಡು ನೋಡಿದ್ದೇವೆ. ನಿಯಮಗಳನ್ನು ವರ್ಷವರ್ಷ ಪ್ರಾಧಿಕಾರದ ಕೈಪಿಡಿಯಲ್ಲೇ ನೋಡಿಕೊಳ್ಳಬೇಕು, ಶಾಲೆಯ ಏಜೆಂಟರ ಬಾಯಿಂದ ಅಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಹೀಗೆ. ತಾಯಿಯದೋ ತಂದೆಯದೋ ಓದು ಕರ್ನಾಟಕದಲ್ಲಾಗಿದ್ದರೆ, ಹತ್ತರವರೆಗೆ ಮಗು ಇಲ್ಲಿಯ ಸರ್ಕಾರಿ ಶಾಲೆಯಲ್ಲಿರಲಿ. ಹತ್ತು ಮುಗಿದ ಮೇಲೆ ಈ ಕಡೆಯ ಏಳು ಬೇಕೋ ಆ ಕಡೆಯ ಎರಡು ಬೇಕೋ ಅಂತ ಮಗುವನ್ನೂ ಕೂರಿಸಿಕೊಂಡು ತೀರ್ಮಾನ ಮಾಡಿ. ಆಗ ಅದಕ್ಕೆ ಹದಿನೈದು ವರ್ಷ, ಅದರ ಒಲವು ಯಾವ ಕಡೆ ಅಂತ ಗೊತ್ತಾಗಿರುತ್ತದೆ.

ಎಲ್ಲರಿಗೂ ಇದು ಹೊಂದುವುದಿಲ್ಲ, ಒಪ್ಪುತ್ತೇವೆ. ಕನ್ನಡ ಮಾಧ್ಯಮದ ಹೈಸ್ಕೂಲು ದೂರವಿರುವ ಊರುಗಳಿವೆ. ಗಣಿತಕ್ಕೋ ವಿಜ್ಞಾನಕ್ಕೋ ಕನ್ನಡದಲ್ಲಿ ಪಾಠ ಮಾಡುವವರು ಸಿಗದೆ ಮಕ್ಕಳು ತಾವೇ ಓದಿಕೊಂಡ ವರ್ಷಗಳಿವೆ. ಖಾಸಗಿಗೇ ಹಾಕಬೇಕು ಅಂತಾದರೆ ಹಾಕಿ. ಆದರೆ ಶಾಲೆಗೆ ಹೋದಾಗ ಕಟ್ಟಡ ನೋಡಿ ಬರಬೇಡಿ, ನಾಲ್ಕು ಮಾತು ಕೇಳಿ ಬನ್ನಿ.

ಮೊದಲು ಭಾಷೆ. 2006ರ ತಮಿಳು ಕಲಿಕೆ ಕಾಯ್ದೆ 2006-07ರಲ್ಲಿ ಒಂದನೇ ತರಗತಿಯಿಂದ ಹತ್ತಿ 2015-16ಕ್ಕೆ ಹತ್ತನೇ ತರಗತಿ ಮುಟ್ಟಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಕೋರ್ಟಿನಿಂದ ವಿನಾಯಿತಿಗಳು ಸಿಕ್ಕವು, 2023ರಲ್ಲಿ ಸುಪ್ರೀಂ ಕೋರ್ಟು ಕೂಡ ಒಂದು ವರ್ಷ ಕೊಟ್ಟಿತು. ಅದನ್ನು ನಂಬಿ ಕೂರಬೇಡಿ, ತಮಿಳು ಚೆನ್ನಾಗಿಯೇ ಕಲಿಯಲಿ, ಬದುಕುವ ನಾಡಿನ ಭಾಷೆ. ಆದರೆ ಅದೇ ಕಾಯ್ದೆಯಲ್ಲಿ ನಾಲ್ಕನೇ ಭಾಗ ಅಂತ ಇದೆ, ಮಾತೃಭಾಷೆಯನ್ನು ಐಚ್ಛಿಕವಾಗಿ ಓದಬಹುದು. ಸಿಬಿಎಸ್‌ಇಯ ಭಾಷೆಗಳ ಪಟ್ಟಿಯಲ್ಲೂ ಕನ್ನಡ ಇದೆ. ಪಟ್ಟಿಯಲ್ಲಿದ್ದರೆ ಆಯಿತೇ, ಮೇಷ್ಟ್ರು ಬೇಕಲ್ಲ! "ಕನ್ನಡಕ್ಕೆ ಯಾರಿದ್ದಾರೆ, ವಾರಕ್ಕೆ ಎಷ್ಟು ಪಿರಿಯಡ್ಡು?" ಅಂತ ನೇರ ಕೇಳಿ. ಹಿಂದಿ ಇದೆ, ಫ್ರೆಂಚ್ ಇದೆ ಅಂತ ಮಾತು ತಿರುಗಿಸಿದರೆ ಉತ್ತರ ಸಿಕ್ಕ ಹಾಗೆಯೇ. (ಹಿಂದಿ ಕಡ್ಡಾಯ ಮಾಡಿ 1938ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಚಳವಳಿಯನ್ನೇ ಎದುರಿಸಿದ ರಾಜಾಜಿ ಹುಟ್ಟಿದ್ದು ಇಲ್ಲೇ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ. ಈಗ ಅದೇ ಹಿಂದಿ ಫ್ಲೆಕ್ಸಿನ ಆಕರ್ಷಣೆ!)

ಎರಡನೆಯದು, ಕನ್ನಡದಲ್ಲಿ ಐದರವರೆಗೆ ಓದಿದ ಮಗುವನ್ನು ಇಂಗ್ಲಿಷ್ ಮಾಧ್ಯಮದ ಆರಕ್ಕೆ ಕೂರಿಸಿದ ಮೊದಲ ಮೂರು ತಿಂಗಳು ಏನು ಮಾಡುತ್ತೀರಿ ಅಂತ ಕೇಳಿ. ಲ.ಸಾ.ಅ. ಕಲಿತ ಮಗುವಿಗೆ ಎಲ್‌ಸಿಎಂ ಅಂದರೆ ಅದೇ ಲೆಕ್ಕ ಅಂತ ಯಾರಾದರೂ ಹೇಳಬೇಕು. ಹೇಳುವವರಿಲ್ಲದೆ, ಲೆಕ್ಕದಲ್ಲಿ ಚುರುಕಾಗಿದ್ದ ಮಕ್ಕಳು ದಡ್ಡರ ಬೆಂಚಿಗೆ ಹೋಗಿ ಕೂತಿದ್ದನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

ಮೂರನೆಯದು ಒಂಬತ್ತನೇ ತರಗತಿ. ನೂರಕ್ಕೆ ನೂರರ ಗುಟ್ಟು ಎಷ್ಟೋ ಕಡೆ ಇರುವುದು ಅಲ್ಲೇ. ಹಿಂದುಳಿದವರಿಗೆ ಹತ್ತಕ್ಕೆ ಮುಂಚೆ ಟಿ.ಸಿ. ಕೊಟ್ಟು ಕಳಿಸಿದರೆ ಫಲಿತಾಂಶ ನೂರಾಗದೆ ಇನ್ನೇನು? ಒಂಬತ್ತರ ಪಾಠ ಬಿಟ್ಟು ಹತ್ತರ ಪಾಠವನ್ನೇ ಎರಡು ವರ್ಷ ಅರೆಯುವವರೂ ಇದ್ದಾರೆ. ಹನ್ನೊಂದರ ಪಾಠ ಹಾರಿಸುತ್ತಾರೆ ಎಂದೇ ತಮಿಳುನಾಡು ಸರ್ಕಾರ 2017-18ರಲ್ಲಿ ಹನ್ನೊಂದಕ್ಕೂ ಪಬ್ಲಿಕ್ ಪರೀಕ್ಷೆ ತಂದದ್ದು. ರ‍್ಯಾಂಕು ಪ್ರಕಟಿಸುವುದನ್ನೂ 2017ರಲ್ಲೇ ನಿಲ್ಲಿಸಿತು. ಹಾಗಾಗಿ ಕೇಳಬೇಕಾದದ್ದು ಹತ್ತರಲ್ಲಿ ಎಷ್ಟು ಜನ ಪಾಸು ಅಂತಲ್ಲ. ಎಂಟರಲ್ಲಿ ಎಷ್ಟು ಮಕ್ಕಳಿದ್ದರು, ಅವರಲ್ಲಿ ಎಷ್ಟು ಜನ ಹತ್ತರಲ್ಲಿ ಕೂತರು?

ಕೊನೆಗೆ ದುಡ್ಡು. ಖಾಸಗಿ ಶಾಲೆಗಳ ಫೀಸು ನಿಗದಿಗೆ 2009ರ ಕಾಯ್ದೆ ಇದೆ, ನಿವೃತ್ತ ಹೈಕೋರ್ಟ್ ನ್ಯಾಯಾಧೀಶರ ಸಮಿತಿ ಒಂದೊಂದು ಶಾಲೆಗೂ ಇಷ್ಟೇ ಅಂತ ಗೊತ್ತು ಮಾಡುತ್ತದೆ. ಆ ಆದೇಶದ ಪ್ರತಿ ತೋರಿಸಿ ಅನ್ನಿ, ಕಟ್ಟಿದ್ದಕ್ಕೆಲ್ಲ ರಸೀದಿ ತೆಗೆದುಕೊಳ್ಳಿ. ಮಧ್ಯದಲ್ಲಿ ಕೈ ಸಾಗದೆ ಮಗುವನ್ನು ಬಿಡಿಸಿದರೆ, ಬಾಕಿ ಕಟ್ಟುವವರೆಗೆ ಟಿ.ಸಿ. ಕೊಡುವುದಿಲ್ಲ ಅಂತ ಕೆಲವರು ಹೆದರಿಸುತ್ತಾರೆ. ಫೀಸು ಬಾಕಿ ಎಂದು ಟಿ.ಸಿ.ಯಲ್ಲಿ ಬರೆಯುವುದಾಗಲಿ, ಟಿ.ಸಿ. ಇಲ್ಲದೆ ಸೇರಿಸಿಕೊಳ್ಳುವುದಿಲ್ಲ ಎಂದು ಇನ್ನೊಂದು ಶಾಲೆ ಹಟ ಹಿಡಿಯುವುದಾಗಲಿ ಕೂಡದು ಅಂತ ಮದರಾಸು ಹೈಕೋರ್ಟು 2024ರ ಜುಲೈನಲ್ಲಿ ಹೇಳಿದೆ. ಅಂಥ ಮಕ್ಕಳು ವರ್ಷದ ಮಧ್ಯದಲ್ಲಿ ಬಂದರೂ ಸರ್ಕಾರಿ ಶಾಲೆ ಸೇರಿಸಿಕೊಳ್ಳುತ್ತದೆ. ಬರುವಾಗ ಆಧಾರ್ ಕಾರ್ಡು, ಇದ್ದರೆ ಹಳೆಯ ಅಂಕಪಟ್ಟಿ ತನ್ನಿ.