‘ಡಿ-1 ಸಿಗಲಿಲ್ವಾ?’ ಅಂತ ಕೇಳೋರಿಗೆ

1/6
ಫೋಟೋದಲ್ಲಿರೋದು ನಮ್ಮ ಕೋರ್ಟಲ್ಲಿ ಆಡೋ ಒಬ್ಬ ಹುಡುಗನ ಸವೆದ ಶೂ. ಸೆಕೆಂಡ್ ಪಿಯುಸಿ, ನನ್ನನ್ನ ಅಕ್ಕ ಅಂತಾನೆ. ಅವನಿಗೆ ಅಮೆರಿಕದ ಒಂದು ಡಿವಿಷನ್ 2 ಕಾಲೇಜಿಂದ ಆಫರ್ ಬಂದಿದೆ. ಖರ್ಚಿನ ಅರ್ಧಕ್ಕಿಂತ ಜಾಸ್ತಿ ಅವರೇ ನೋಡ್ಕೋತಾರೆ. ಕುಣಿದಾಡಬೇಕಾದವನು ಮೊನ್ನೆ ಮುಖ ಸಪ್ಪಗೆ ಮಾಡ್ಕೊಂಡು ಕೂತಿದ್ದ. ಮನೆಗೆ ಬಂದ ನೆಂಟರು "ಓ, ಡಿ-1 ಸಿಗಲಿಲ್ವಾ?" ಅಂದ್ರಂತೆ. ಈಗ ಅಪ್ಪನೂ "ಬೇಡ ಬಿಡು" ಅಂತಿದ್ದಾರೆ. ಉತ್ತರ ಕೊಡೋಕೆ ಇನ್ನು ಹತ್ತೇ ದಿನ. ಸಿಟ್ಟಲ್ಲೇ ಬರೀತಿದೀನಿ, ಪೂರ್ತಿ ಓದಿ.

2/6
ಮೊದಲು ಈ ಡಿ-1, ಡಿ-2 ಅಂದ್ರೆ ಏನು? ಅಲ್ಲಿ ಕಾಲೇಜು ಕ್ರೀಡೆಯ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರಲ್ಲಿ ಮೂರು ಡಿವಿಷನ್. ಅದರ ಹೊರಗೆ ಎನ್‌ಎಐಎ ಇದೆ, ಎರಡು ವರ್ಷದ ಕಾಲೇಜುಗಳಿಗೆ ಎನ್‌ಜೆಸಿಎಎ ಇದೆ. ನಾವು ಇದನ್ನ ಗೆದ್ದರೆ ಮೇಲೆ, ಸೋತರೆ ಕೆಳಗೆ ಹೋಗೋ ಲೀಗ್ ಅಂದ್ಕೊಂಡಿದೀವಿ. ಅಲ್ಲವೇ ಅಲ್ಲ! ಎಷ್ಟು ತಂಡ ಇಡಬೇಕು, ಕ್ರೀಡೆಗೆ ಎಷ್ಟು ದುಡ್ಡು ಹಾಕಬೇಕು ಅಂತ ನೋಡಿ ಕಾಲೇಜೇ ತನ್ನ ಡಿವಿಷನ್ ಆರಿಸ್ಕೊಳ್ಳುತ್ತೆ. ಎಂಐಟಿ ಇರೋದು ಡಿ-3ರಲ್ಲಿ. ಎಂಐಟಿ ಸೀಟು ಸಿಕ್ಕವನ ಮನೆಗೆ ಹೋಗಿ "ಡಿ-3 ನಾ?" ಅಂತ ಕೇಳ್ತೀರಾ?

3/6
"ಡಿ-1 ಅಂದ್ರೆ ಎಲ್ಲಾ ಫ್ರೀ." ಇದು ಎರಡನೇ ಸುಳ್ಳು. ಬಿಕಾಂ ಓದ್ತಿದೀನಿ, ಲೆಕ್ಕ ಹಾಕೋಣ. ಡಿ-1 ಪುರುಷರ ಟೆನಿಸ್ ತಂಡಕ್ಕೆ ಎಷ್ಟೋ ವರ್ಷ ಇದ್ದ ಮಿತಿ 4.5 ಸ್ಕಾಲರ್‌ಶಿಪ್. ಅದನ್ನ 9 ಜನಕ್ಕೆ ಸಮ ಹಂಚಿದ್ರೆ ತಲೆಗೆ ಅರ್ಧ. ಡಿ-2 ಪುರುಷರಿಗೂ ಅದೇ 4.5! (ಮಹಿಳೆಯರಿಗೆ ಡಿ-1ರಲ್ಲಿ 8, ಡಿ-2ರಲ್ಲಿ 6.) 2025ರ ಕೋರ್ಟ್ ಒಪ್ಪಂದದ ನಂತರ, ಅದಕ್ಕೆ ಸೇರಿದ ಡಿ-1 ಕಾಲೇಜುಗಳಿಗೆ ಈ ಮಿತಿ ಹೋಯ್ತು; ಬದಲಿಗೆ ತಂಡದಲ್ಲಿ 10 ಜನ ಮಾತ್ರ ಅಂತ ಆಯ್ತು. ಆದರೆ ಕೊಡಬಹುದು ಅಂದ್ರೆ ಕೊಟ್ಟೇ ಕೊಡ್ತಾರೆ ಅಂತಲ್ಲ. ಹಾರ್ವರ್ಡ್, ಯೇಲ್ ಎಲ್ಲಾ ಡಿ-1ನೇ, ಆದ್ರೆ ಕ್ರೀಡೆಗೆ ಅಂತ ಸ್ಕಾಲರ್‌ಶಿಪ್ ಇಲ್ಲ. ಡಿ-3ರಲ್ಲೂ ಇಲ್ಲ. ಅಲ್ಲಿ ನೆರವು ಸಿಗೋದು ಓದಿನ ಮೇಲೆ, ಮನೆ ಪರಿಸ್ಥಿತಿ ಮೇಲೆ.

4/6
ಆಟದ ಮಟ್ಟದಲ್ಲಿ ವ್ಯತ್ಯಾಸ ಇಲ್ವಾ? ಇದೆ, ಒಪ್ತೀನಿ. ಡಿ-1ರ ತುದಿ ಬೇರೆ ಲೋಕ. ಸೋಮದೇವ್ ದೇವ್‌ವರ್ಮನ್ ವರ್ಜೀನಿಯಾ ಯೂನಿವರ್ಸಿಟಿಗೆ ಆಡಿ 2007, 2008ರಲ್ಲಿ ಡಿ-1 ಸಿಂಗಲ್ಸ್ ಗೆದ್ದಿದ್ದು ಅಲ್ಲೇ. ಆ ಆಟ ಇದ್ರೆ ಕಣ್ಮುಚ್ಚಿ ಹೋಗಿ. ಆದ್ರೆ ಡಿ-1ರ ಬಾಲದಲ್ಲಿರೋ ತಂಡಗಳಿಗೆ ನೀರು ಕುಡಿಸೋ ಡಿ-2, ಎನ್‌ಎಐಎ ತಂಡಗಳಿವೆ. ಇನ್ನೊಂದು ಮಾತು: ಪಂದ್ಯದಲ್ಲಿ ಸಿಂಗಲ್ಸ್ ಆಡೋದು ಆರು ಜನ. ಏಳನೆಯವನಾಗಿ ನಾಲ್ಕು ವರ್ಷ ಚಪ್ಪಾಳೆ ತಟ್ಟೋಕೆ ಅಷ್ಟು ದೂರ ಹೋಗ್ಬೇಕಾ?

5/6
ಈಗ ನಮ್ಮ ಕೊಡಗಿನ ರೋಹನ್ ಬೋಪಣ್ಣ. ಅವರ ಮೊದಲ ಎಟಿಪಿ ಡಬಲ್ಸ್ ಪ್ರಶಸ್ತಿ 2008ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ. ಜೊತೆಗಾರ ಯಾರು? ಎರಿಕ್ ಬುಟೊರಾಕ್. ಈತ ಡಿ-1 ಕಾಲೇಜಿಗೆ ಸೇರಿ, ಅದನ್ನ ಬಿಟ್ಟು ಗಸ್ಟೇವಸ್ ಅಡಾಲ್ಫಸ್ ಅನ್ನೋ ಡಿ-3 ಕಾಲೇಜಿಗೆ ಹೋದವನು. 2003ರಲ್ಲಿ ಡಿ-3 ಸಿಂಗಲ್ಸ್, ಡಬಲ್ಸ್ ಎರಡೂ ಗೆದ್ದ. 2014ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಫೈನಲ್ ಆಡಿದ. ಎಲ್ಲರೂ ಬುಟೊರಾಕ್ ಆಗಲ್ಲ, ಗೊತ್ತು. ಆದ್ರೆ "ಕೆಳಗೆ" ಹೋದ್ರೆ ಕಥೆ ಮುಗೀತು ಅನ್ನೋ ಮಾತು ಮಾತ್ರ ಇನ್ಮೇಲೆ ಆಡ್ಬೇಡಿ.

6/6
ಹಾಗಾದ್ರೆ ಕೇಳಬೇಕಾಗಿದ್ದು ಏನು? ಆ ತಂಡದ ಆರರೊಳಗೆ ನಾನು ಆಡ್ತೀನಾ? ನಾಲ್ಕು ವರ್ಷಕ್ಕೆ ಮನೆಯಿಂದ ಒಟ್ಟು ಎಷ್ಟು ಹೋಗುತ್ತೆ? ನಾಳೆ ಮೊಣಕಾಲು ಕೈಕೊಟ್ರೂ ಆ ಕಾಲೇಜಲ್ಲಿ ಓದೋಕೆ ನನಗಿಷ್ಟನಾ? ಈ ಮೂರಕ್ಕೆ ಉತ್ತರ ಸರಿ ಇದ್ರೆ ಡಿ ಪಕ್ಕದ ನಂಬರ್ ಯಾವುದಾದ್ರೇನು!

ತಮ್ಮಾ, ನೀನು ಇದನ್ನ ಓದ್ತೀಯ ಅಂತ ಗೊತ್ತು. ಅಪ್ಪನಿಗೂ ತೋರಿಸು. ಅವರಿಗೆ ಬೇಕಾಗಿರೋದು ಲೆಕ್ಕ, ಅದು ಮೂರನೇ ಫೋಟೋ ಕೆಳಗಿದೆ. ನೆಂಟರು ಮತ್ತೆ ಬಂದ್ರೆ ಕಾಫಿ ಕೊಟ್ಟು ಕಳಿಸು. ಫೀಸ್ ಕಟ್ಟೋದೂ ಅವರಲ್ಲ, ಆಡೋದೂ ಅವರಲ್ಲ.

#ಕಾಲೇಜ್‌ಟೆನಿಸ್ #ಲೆಕ್ಕಹಾಕಿಮಾತಾಡಿ