ಲಕ್ವ ಹೊಡೆದ ಮಿದುಳಿನಲ್ಲಿ ಕಿಣ್ವಗಳ ಕೆಲಸ

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಕಿಣ್ವವೆಂದರೆ ಜೊಲ್ಲಿನ ಅಮೈಲೇಸ್, ಜಠರದ ಪೆಪ್ಸಿನ್. ಅನ್ನ ಜೀರ್ಣವಾಗುವುದರೊಂದಿಗೆ ಪಾಠವೂ ಮುಗಿಯುತ್ತದೆ. ಆದರೆ ಈ ಭಾಗದಲ್ಲಿ ಲಕ್ವವೆಂದು ಕರೆಯುವ ಪಾರ್ಶ್ವವಾಯು ಬಡಿದಾಗ ಮಿದುಳಿನೊಳಗೆ ನಡೆಯುವುದೂ ಬಹುಮಟ್ಟಿಗೆ ಕಿಣ್ವಗಳದೇ ವ್ಯವಹಾರ.

ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಸುಮಾರು 2. ಅದು ಬಳಸುವ ಆಮ್ಲಜನಕ ನೂರಕ್ಕೆ ಸುಮಾರು 20. ಕೂಡಿಟ್ಟುಕೊಳ್ಳುವ ಅಭ್ಯಾಸ ಅದಕ್ಕಿಲ್ಲ. ಹೆಪ್ಪುಗಟ್ಟಿದ ರಕ್ತ ನಾಳವನ್ನು ಮುಚ್ಚಿದರೆ ಕೆಲವೇ ನಿಮಿಷಗಳಲ್ಲಿ ನರಕೋಶದ ಶಕ್ತಿ ಬರಿದಾಗುತ್ತದೆ. ಮೊದಲು ಸೋಲುವುದು ಸೋಡಿಯಂ ಅನ್ನು ಹೊರಕ್ಕೂ ಪೊಟ್ಯಾಸಿಯಂ ಅನ್ನು ಒಳಕ್ಕೂ ಸಾಗಿಸುವ ಪಂಪು; ಅದೂ ಒಂದು ಕಿಣ್ವವೇ. ಅದು ನಿಂತಿತೆಂದರೆ ಗ್ಲುಟಮೇಟ್ ಉಕ್ಕುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದುವರೆಗೆ ಹತೋಟಿಯಲ್ಲಿದ್ದ ಕ್ಯಾಲ್ಪೇನ್ ಎಚ್ಚೆತ್ತು ಕೋಶದ ಹಂದರವನ್ನು ಕತ್ತರಿಸತೊಡಗುತ್ತದೆ. ಫಾಸ್ಫೋಲೈಪೇಸ್ ಪೊರೆಯ ಕೊಬ್ಬನ್ನೇ ಒಡೆಯುತ್ತದೆ. ಗಂಟೆಗಳು ಕಳೆದಂತೆ ಎಂಎಂಪಿ-9 ಎಂಬ ಕಿಣ್ವ ರಕ್ತಕ್ಕೂ ಮಿದುಳಿಗೂ ನಡುವಣ ತಡೆಗೋಡೆಯನ್ನು ಸಡಿಲಿಸಿ ಊತಕ್ಕೆ, ಕೆಲವೊಮ್ಮೆ ರಕ್ತಸ್ರಾವಕ್ಕೆ ದಾರಿ ಮಾಡುತ್ತದೆ. ಸೋಜಿಗವೆಂದರೆ, ಒಂದೆರಡು ವಾರಗಳ ಬಳಿಕ ಹೊಸ ರಕ್ತನಾಳಗಳು ಚಿಗುರುವಾಗ ಇದೇ ಕಿಣ್ವ ದುರಸ್ತಿಗೆ ನೆರವಾಗುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಆರೋಪಿಯನ್ನು ತನಿಖೆಯಿಲ್ಲದೆ ಅಪರಾಧಿಯೆನ್ನಲಾಗದು.

ಮದ್ದೂ ಕಿಣ್ವವೇ. ಟಿಪಿಎ ಎಂಬುದು ರಕ್ತದಲ್ಲಿರುವ ಪ್ಲಾಸ್ಮಿನೋಜನ್ ಅನ್ನು ಪ್ಲಾಸ್ಮಿನ್ ಆಗಿಸಿ ಹೆಪ್ಪನ್ನು ಕರಗಿಸುತ್ತದೆ. 3 ಗಂಟೆಯೊಳಗೆ ಕೊಟ್ಟರೆ ಅಂಗವೈಕಲ್ಯ ತಗ್ಗುವುದೆಂದು 1995ರಲ್ಲಿ ಅಮೆರಿಕದ ಪ್ರಯೋಗ ತೋರಿಸಿತು. 2008ರಲ್ಲಿ ಯುರೋಪಿನ ಪ್ರಯೋಗ ಆ ಅವಧಿಯನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು. ಆದರೆ ನಾಳ ಒಡೆದು ಬಂದ ಲಕ್ವದಲ್ಲಿ ಇದೇ ಮದ್ದು ಪ್ರಾಣಕ್ಕೆ ಎರವಾದೀತು. ಆದ್ದರಿಂದ ಮೊದಲು ಸಿ.ಟಿ. ಸ್ಕ್ಯಾನ್, ಅನಂತರ ಚುಚ್ಚುಮದ್ದು.

ಗಡಹಿಂಗ್ಲಜದಿಂದ ಕೊಲ್ಹಾಪುರ ಸುಮಾರು 60 ಕಿ.ಮೀ., ಇಚಲಕರಂಜಿಯಿಂದ ಸುಮಾರು 30. ದಾರಿ ದೊಡ್ಡದಲ್ಲ, ಎಣ್ಣೆ ತಿಕ್ಕುತ್ತ, ಬೆಳಗಾಗಲೆಂದು ಕಾಯುತ್ತ ಮನೆಯಲ್ಲೇ ಕಳೆಯುವ ಹೊತ್ತು ದೊಡ್ಡದು. ರಾತ್ರಿ ಪಾಳಿ ಮುಗಿಸಿ ಬಂದ ಮಗ್ಗದ ಕಾರ್ಮಿಕನ ಬಾಯಿ ಸೊಟ್ಟಗಾದರೆ, ಒಂದು ತೋಳು ಜೋತುಬಿದ್ದರೆ, ಮಾತು ತೊದಲಿದರೆ ದಣಿವೆಂದು ಮಲಗಿಸದೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಸರ್ಕಾರಿ ಆಸ್ಪತ್ರೆ ಸಕಾಲದಲ್ಲಿ ತುರ್ತು ಚಿಕಿತ್ಸೆ ನೀಡದಿರುವುದು ಸಂವಿಧಾನದ 21ನೆಯ ವಿಧಿಯ ಉಲ್ಲಂಘನೆಯೆಂದು ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಅಲ್ಲಿಯೂ ತಲೆಗೆ ಪೆಟ್ಟಾದವನೊಬ್ಬ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಿದ್ದ.

ವೈದ್ಯರು ಮೊದಲು ಕೇಳುವುದು, ರೋಗಿ ಕೊನೆಯ ಬಾರಿ ಸರಿಯಾಗಿ ಕಂಡದ್ದು ಎಷ್ಟು ಗಂಟೆಗೆ ಎಂದು. ಗಾಬರಿಯಲ್ಲಿ ಹಿರಿಯರು ಅದನ್ನು ಮರೆಯುತ್ತಾರೆ. ಮನೆಯ ಶಾಲಾ ಬಾಲಕನೋ ಬಾಲಕಿಯೋ ಗಡಿಯಾರ ನೋಡಿ ಚೀಟಿಯಲ್ಲಿ ಬರೆದು ಕೈಗಿಡಬಹುದು.